ರವದಿಯ ನಾಡಿನಲ್ಲಿ ಪೆಲೆಟ್ ಒಲೆ

ಡಿಸೆಂಬರ್ ನಸುಕಿನಲ್ಲಿ ಗೋಕಾಕದಿಂದ ಮೂಡಲಗಿಯ ಹಾದಿ ಹಿಡಿದರೆ ಊರೂರಿನ ಹಿತ್ತಿಲಿಂದ ಹೊಗೆ ಏಳುತ್ತಿರುತ್ತದೆ. ಅದು ಅಡುಗೆಯ ಹೊಗೆಯಲ್ಲ. ಚಹಾ ಆಗಲೇ ಗ್ಯಾಸಿನ ಮೇಲೆ ಆಗಿರುತ್ತದೆ. ಅದು ಬಚ್ಚಲದ ಹೊಗೆ. ಹಂಡೆಯ ಕೆಳಗೆ ಹತ್ತಿಕಟಗಿ, ಕುಳ್ಳು, ತೆಂಗಿನ ಗರಿ, ಕೈಗೆ ಸಿಕ್ಕ ಕಾಗದ. ನಮ್ಮ ಆಯಿ ಒಳಗಿನಿಂದ "ನೀರ ಕಾದಾವ, ಏಳ್ರಿ" ಎಂದು ಕೂಗುವಾಗ ಅವಳ ದನಿಯ ಹಿಂದೆ ಕೆಮ್ಮು ಇರುತ್ತಿತ್ತು. ಆ ಕೆಮ್ಮನ್ನು ನಾವು ಚಳಿಗಾಲದ ಸದ್ದು ಎಂದೇ ತಿಳಿದಿದ್ದೆವು.

ಚಳಿದೇಶದವರು ಮನೆ ಕಾಯಿಸುತ್ತಾರೆ, ನಾವು ನೀರು ಕಾಯಿಸುತ್ತೇವೆ. ಬೆಳಗಾವಿ ಸೀಮೆಯಲ್ಲಿ ಚಳಿಗಾಲದ ರಾತ್ರಿ 14-15 ಡಿಗ್ರಿಗೆ ಇಳಿದರೂ ಗೋಡೆಯೊಳಗೆ ಬೆಂಕಿ ಇಟ್ಟುಕೊಳ್ಳುವ ಗರಜು ಬೀಳುವುದಿಲ್ಲ. ಕಂಬಳಿ ಇದೆ, ಕೌದಿ ಇದೆ. ಆದರೆ ಬಿಸಿನೀರಿನ ಜಳಕ ಬೇಕೇ ಬೇಕು. ಹಾಗಾಗಿ ಪೆಲೆಟ್ ಒಲೆ ಕೊಳ್ಳಲೋ ಬೇಡವೋ ಎಂಬ ಪ್ರಶ್ನೆಯನ್ನು ಇಲ್ಲಿ ಹಂಡೆಯ ಮುಂದೆ ಕುಳಿತೇ ಕೇಳಬೇಕು.

ಪೆಲೆಟ್ ಎಂದರೆ ಗುಳಿಗೆ. ಮರದ ಪುಡಿ, ಶೇಂಗಾ ಸಿಪ್ಪೆ, ಕಬ್ಬಿನ ಸಿಪ್ಪೆ, ಯಾವುದಾದರೂ ಒಣಗಿಸಿ, ಪುಡಿ ಮಾಡಿ, ತೂತಿನ ಉಕ್ಕಿನ ಅಚ್ಚಿನ ಮೂಲಕ ಬಿಗಿಯಾಗಿ ಒತ್ತಿದರೆ ಕಿರುಬೆರಳಿಗಿಂತ ತೆಳ್ಳಗಿನ ತುಂಡುಗಳು ಹೊರಬೀಳುತ್ತವೆ. ಅಂಟು ಹಾಕಬೇಕಿಲ್ಲ. ಒತ್ತುವಾಗ ಹುಟ್ಟುವ ಬಿಸಿಗೆ ಸಸ್ಯದಲ್ಲಿರುವ ಲಿಗ್ನಿನ್ ಮೆತ್ತಗಾಗಿ, ಆರಿದ ಮೇಲೆ ಅದೇ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಬಂಡಿ ತುಂಬ ಹೇರಿದರೂ ತೂಕವಿಲ್ಲದ ರವದಿ, ಅಂದರೆ ಕಬ್ಬಿನ ಒಣ ಗರಿ, ಹೀಗೆ ಒತ್ತಿದ ಮೇಲೆ ಮೂಲೆಯ ಒಂದು ಚೀಲದಲ್ಲಿ ಕೂರುತ್ತದೆ.

ಅಮೆರಿಕದಲ್ಲಿ 1980ರ ದಶಕದಲ್ಲಿ ರೂಪುಗೊಂಡ ಮನೆ ಕಾಯಿಸುವ ಪೆಲೆಟ್ ಒಲೆ ಇಂದು ಇಟಲಿಯಲ್ಲಿ ಮನೆಮಾತು. ಮೇಲೊಂದು ಪೆಟ್ಟಿಗೆ, ಒಳಗೊಂದು ತಿರುಪು. ಅದು ಗುಳಿಗೆಗಳನ್ನು ಸ್ವಲ್ಪಸ್ವಲ್ಪವಾಗಿ ಬೆಂಕಿಗೆ ತಳ್ಳುತ್ತದೆ, ಫ್ಯಾನು ಗಾಳಿ ಊದುತ್ತದೆ. ತಾಸಿಗೆ ಒಂದೆರಡು ಕಿಲೋ ಸಾಕು. ಕರೆಂಟು ಹೋದರೆ ಮಾತ್ರ ಒಲೆಯೂ ನಿಲ್ಲುತ್ತದೆ. ನಮ್ಮ ಬಚ್ಚಲಕ್ಕೆ ಆ ಯಂತ್ರ ಬೇಕಿಲ್ಲ.

ನಮಗೆ ಹತ್ತಿರದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹುಟ್ಟಿದ್ದು. ಅಲ್ಲಿ 1974ರಲ್ಲಿ ಅಮೂಲ್ಯ ಕುಮಾರ್ ಎನ್. ರೆಡ್ಡಿ ಅವರು ಕಟ್ಟಿದ 'ಅಸ್ತ್ರ' ತಂಡ ಮುಂದೆ ಹಳ್ಳಿಯ ಅಡುಗೆಮನೆಗಾಗಿ ಚಿಮಣಿ, ಜಾಲರಿ ಇರುವ ಮೂರು ಪಾತ್ರೆಯ 'ಅಸ್ತ್ರ ಒಲೆ' ಮಾಡಿತು. ಹೊಗೆ ಹೊರಗೆ ಹೋಗುತ್ತಿತ್ತು, ಕಟಗಿ ಉಳಿಯುತ್ತಿತ್ತು. ಚಿಮಣಿಯ ಮಸಿ ತೆಗೆಯದ ಮನೆಗಳಲ್ಲಿ ಮಾತ್ರ ಹೊಗೆ ಮರಳಿ ಒಳಗೇ ಬಂತು. ಅದೇ ಸಂಸ್ಥೆಯ ಎಚ್.ಎಸ್. ಮುಕುಂದ ಮತ್ತು ಸಂಗಡಿಗರು ಬೇರೆ ದಾರಿ ಹಿಡಿದರು. ಗುಳಿಗೆ ತುಂಬಿದ ಡಬ್ಬಿಗೆ ಮೇಲಿನಿಂದ ಬೆಂಕಿ ಹಚ್ಚುವುದು, ಬ್ಯಾಟರಿಯ ಸಣ್ಣ ಫ್ಯಾನಿನಿಂದ ಕೆಳಗೆ ಸ್ವಲ್ಪ, ಬಾಯಿಯ ಹತ್ತಿರ ಹೆಚ್ಚು ಗಾಳಿ ಕೊಡುವುದು. ಕೆಳಗಿನ ಗಾಳಿ ಗುಳಿಗೆಯಿಂದ ಅನಿಲ ಹೊರಡಿಸುತ್ತದೆ. ಹೊಗೆಯಾಗಿ ಹೋಗಬೇಕಿದ್ದ ಆ ಅನಿಲವನ್ನು ಮೇಲಿನ ಗಾಳಿ ಉರಿಸಿಬಿಡುತ್ತದೆ. ಇದನ್ನು 'ಊರ್ಜಾ' ಎಂಬ ಹೆಸರಿನಲ್ಲಿ ಬಿಪಿ ಕಂಪನಿ ಪೇಟೆಗೆ ತಂದಿತು. ಕರ್ನಾಟಕ, ಮಹಾರಾಷ್ಟ್ರದ ಹಳ್ಳಿಗಳೂ ಸೇರಿದಂತೆ 2009ರ ಹೊತ್ತಿಗೆ 4 ಲಕ್ಷಕ್ಕೂ ಹೆಚ್ಚು ಒಲೆಗಳು ಮಾರಾಟವಾದವು. ಒಮ್ಮೆ 600 ಗ್ರಾಮಿನಷ್ಟು ಗುಳಿಗೆ ತುಂಬಿದರೆ ಸುಮಾರು ಒಂದು ತಾಸು ಉರಿ. ಗುಳಿಗೆಯ ಶಾಖದಲ್ಲಿ ಅರ್ಧದಷ್ಟು ಪಾತ್ರೆಗೆ ಮುಟ್ಟುತ್ತಿತ್ತು.

ಈಗ ಹಂಡೆಯ ಲೆಕ್ಕ ಹಾಕೋಣ. ಇಪ್ಪತ್ತು ಲೀಟರಿನ ಒಂದು ಬಕೀಟು ನೀರನ್ನು 20 ಡಿಗ್ರಿಯಿಂದ 45ಕ್ಕೆ ಏರಿಸಲು 500 ಕಿಲೋಕ್ಯಾಲರಿ ಬೇಕು. ಬಾಯಿ ತೆರೆದ ಸಾದಾ ಒಲೆಯಲ್ಲಿ ಶಾಖದ ಏಳನೇ ಒಂದು ಪಾಲು ನೀರಿಗೆ ಹತ್ತಿತೆಂದು ಹಿಡಿದರೂ ಬಕೀಟಿಗೆ ಒಂದು ಕಿಲೋ ಒಣ ಕಟಗಿ ಹೋಗುತ್ತದೆ. ಪೆಲೆಟ್ ಒಲೆಯಲ್ಲಿ ಅದೇ ಕೆಲಸ ಕಾಲು ಕಿಲೋ ಗುಳಿಗೆಗೆ ಮುಗಿಯುತ್ತದೆ. ಗ್ಯಾಸಾದರೆ 80 ಗ್ರಾಮಿನ ಆಸುಪಾಸು. ಗೀಜರಿಗೆ ಅರ್ಧ ಯೂನಿಟ್ಟಿಗಿಂತ ತುಸು ಹೆಚ್ಚು. ಐದು ಜನರ ಮನೆಯಲ್ಲಿ ಬೆಳಗಿನ ಜಳಕಕ್ಕೆ ಐದು ಕಿಲೋ ಕಟಗಿ, ಇಲ್ಲವೇ 1.3 ಕಿಲೋ ಗುಳಿಗೆ, ಇಲ್ಲವೇ 400 ಗ್ರಾಮ್ ಗ್ಯಾಸು, ಇಲ್ಲವೇ ಮೂರು ಯೂನಿಟ್ ಕರೆಂಟು. ಹಂಡೆಗೆ ದಿನವೂ ಗ್ಯಾಸು ಹಚ್ಚಿದರೆ 14.2 ಕಿಲೋದ ಸಿಲಿಂಡರು ಐದು ವಾರಕ್ಕೆ ಬರಿದು. 2016ರ ಉಜ್ವಲಾ ಯೋಜನೆಯಿಂದ ಗ್ಯಾಸು ಬಂದ ಮನೆಗಳಲ್ಲೂ ಹಿತ್ತಿಲ ಹೊಗೆ ನಿಲ್ಲದಿರುವುದಕ್ಕೆ ಈ ಐದು ವಾರವೇ ಕಾರಣ ಎಂದು ನನಗೆ ಅನ್ನಿಸುತ್ತದೆ.

ಲೆಕ್ಕದಲ್ಲಿ ಗುಳಿಗೆ ಗೆದ್ದಿತು ನಿಜ. ಆದರೆ ಬಚ್ಚಲದಲ್ಲಿ ಬೇರೆ ತೊಡಕುಗಳಿವೆ. 600 ಗ್ರಾಮಿನ ಒಲೆ ಒಂದು ತುಂಬಿಗೆ ಎರಡು ಬಕೀಟು ಕಾಯಿಸೀತು. ನಡುವೆ ಗುಳಿಗೆ ಹಾಕಿದರೆ ಮೇಲಿನಿಂದ ಕೆಳಕ್ಕೆ ಇಳಿಯುತ್ತಿದ್ದ ಉರಿಯ ಕ್ರಮ ಕೆಟ್ಟು ಅದೂ ಹೊಗೆಯಾಡುತ್ತದೆ. ಅಡುಗೆಗೆಂದು ಮಾಡಿದ ಒಲೆಯ ಮೇಲೆ ತುಂಬಿದ ತಾಮ್ರದ ಹಂಡೆ ಕೂರಿಸುವುದು ಅಪಾಯ. ಫ್ಯಾನಿನ ಬ್ಯಾಟರಿ ಚಾರ್ಜು ಮಾಡುತ್ತಿರಬೇಕು. ಹಂಡೆಗೆ ಕೊಳ್ಳುವುದಾದರೆ ದೊಡ್ಡ ಹೊಟ್ಟೆಯ, ಭಾರ ತಾಳುವ ಕಬ್ಬಿಣದ ಚೌಕಟ್ಟಿನ ಒಲೆಯನ್ನೇ ನೋಡಬೇಕು.

ನಮ್ಮ ಕಡೆಯ ತಾಮ್ರದ ಬಂಬನ್ನು ಇಲ್ಲಿ ನೆನೆಯದಿದ್ದರೆ ತಪ್ಪಾದೀತು. ನಡುವೆ ಕೊಳವೆ, ಸುತ್ತ ನೀರು, ಕೆಳಗೆ ಬೆಂಕಿ. ಉರಿಯೂ ಬಿಸಿಹೊಗೆಯೂ ನೀರಿನ ಹೊಟ್ಟೆಯೊಳಗಿಂದಲೇ ಹಾಯ್ದು ಹೋಗುವುದರಿಂದ ಶಾಖ ಸುತ್ತಲಿನ ಗಾಳಿಗೆ ಸೋರುವುದು ಕಡಿಮೆ. ಹೊಸ ಒಲೆ ಕೊಳ್ಳಲು ಹೊರಟವರು ಅಟ್ಟದ ಮೇಲಿನ ಹಳೆಯ ಬಂಬನ್ನು ಇಳಿಸಿ, ಕೊಳವೆಯ ಮಸಿ ತೆಗೆದು, ಒಂದು ವಾರ ಉರಿಸಿ ನೋಡಲಿ ಎಂಬುದು ನನ್ನ ಮಾತು. ಹಿತ್ತಿಲು ಬಯಲಾಗಿದ್ದು, ಹೊಲದಲ್ಲಿ ಹತ್ತಿಕಟಗಿಯೋ ಗೋವಿನಜೋಳದ ದಿಂಡೋ ಇದ್ದವರಿಗೆ ಬಂಬೇ ಸಾಕು. ಪೆಲೆಟ್ ಒಲೆ ಬೇಕಾದದ್ದು ಗೋಕಾಕದಂಥ ಪೇಟೆಯ ಒತ್ತೊತ್ತಿನ ಮನೆಗಳಿಗೆ. ಅಲ್ಲಿ ಬಚ್ಚಲದ ಕಿಟಕಿ ಪಕ್ಕದವರ ಅಡುಗೆಮನೆಗೆ ತೆರೆಯುತ್ತದೆ. ದಮ್ಮಿನ ಕಾಯಿಲೆಯವರು, ಹಸುಗೂಸು ಇರುವ ಮನೆಗಳಿಗೂ ಬೇಕು. ಮನೆಯೊಳಗಿನ ಹೊಗೆ 2020ರಲ್ಲಿ ಜಗತ್ತಿನಾದ್ಯಂತ 32 ಲಕ್ಷ ಜನರ ಸಾವಿಗೆ ಕಾರಣವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಆ ಅಂಕಿ ಓದಿದಾಗಲೆಲ್ಲ ನನಗೆ ಆಯಿಯ ಕೆಮ್ಮು ಕೇಳಿಸುತ್ತದೆ.

ಊರ್ಜಾ ಒಲೆಗಳು ಈಗ ಎಲ್ಲಿ? ಒಲೆ ಕೆಟ್ಟದ್ದೆಂದು ಜನ ಬಿಟ್ಟದ್ದಲ್ಲ, ಗುಳಿಗೆಯ ಬೆಲೆ ಏರಿತೆಂದು ಬಿಟ್ಟರು. ಹೊಲದಲ್ಲಿ ಬಿದ್ದ ಕಸವೆಂದು ಅಗ್ಗವಾಗಿ ಸಿಗುತ್ತಿದ್ದ ಕಚ್ಚಾಮಾಲಿಗೆ ಕಾರ್ಖಾನೆಗಳ ಬಾಯ್ಲರುಗಳು ಹೆಚ್ಚು ಬೆಲೆ ಕೊಡತೊಡಗಿದವು. ಗುಳಿಗೆ ತುಟ್ಟಿಯಾಯಿತು, ಮನೆಯವರು ಹಿಂದೆ ಸರಿದರು, ಒಲೆಯ ವ್ಯಾಪಾರ ಹೋಟೆಲು, ದೊಡ್ಡ ಅಡುಗೆಮನೆಗಳತ್ತ ತಿರುಗಿತು. ಇಂದು ಪೈಪೋಟಿ ಇನ್ನೂ ಹೆಚ್ಚು. ಕಲ್ಲಿದ್ದಲಿನ ಉಷ್ಣ ವಿದ್ಯುತ್ ಸ್ಥಾವರಗಳು ಪೆಲೆಟನ್ನೂ ಬೆರೆಸಿ ಉರಿಸಬೇಕೆಂದು 2021ರ ಕೇಂದ್ರ ನೀತಿ ಹೇಳಿದೆ. ಸ್ಥಾವರದ ಎದುರು ಹಂಡೆ ಹರಾಜಿನಲ್ಲಿ ಗೆಲ್ಲಲಾರದು.

ಕಬ್ಬಿನ ಸಿಪ್ಪೆಯಂತೂ ನಮ್ಮ ಕೈಯಲ್ಲಿಲ್ಲ. ಸಂಕೇಶ್ವರದ ಹಿರಣ್ಯಕೇಶಿ, ಬೆಲ್ಲದ ಬಾಗೇವಾಡಿಯ ವಿಶ್ವರಾಜ, ಹುಣಶ್ಯಾಳದ ಸತೀಶ, ಹೀಗೆ ನಮ್ಮ ಸುತ್ತಿನ ತಾಲ್ಲೂಕುಗಳ ತುಂಬ ಸಕ್ಕರೆ ಕಾರ್ಖಾನೆಗಳಿವೆ. ಅರೆದ ಕಬ್ಬಿನ ಹತ್ತರಲ್ಲಿ ಮೂರು ಪಾಲಿನಷ್ಟು ಸಿಪ್ಪೆಯಾಗುತ್ತದೆ. ಸಕ್ಕರೆ ಕಾರ್ಖಾನೆಗಳು ಅದನ್ನು ತಮ್ಮ ಬಾಯ್ಲರಿನಲ್ಲೇ ಉರಿಸಿಕೊಳ್ಳುತ್ತವೆ. ರೈತನಿಗೆ ಉಳಿಯುವುದು ರವದಿ. ಕಟಾವಾದ ಮೇಲೆ ಅದಕ್ಕೆ ಬೆಂಕಿ ಇಡುವ ರೂಢಿ ಇನ್ನೂ ಹೋಗಿಲ್ಲ. ಸಂಜೆ ಹೊಲದಲ್ಲಿ ಸುಡುವ ಶಾಖಕ್ಕೆ ಬೆಲೆಯಿಲ್ಲ, ಬೆಳಗ್ಗೆ ಅದೇ ಮನೆಯವರು ಕಟಗಿ ಕೊಂಡು ತರುತ್ತಾರೆ. ಹಾಗೆಂದು ರವದಿಯನ್ನೆಲ್ಲ ಒಲೆಗೆ ಬಳಿದು ತರುವುದೂ ಬೇಡ. ಸಾಲಿನ ನಡುವೆ ಹಾಸಿದ ರವದಿ ತೇವ ಹಿಡಿಯುತ್ತದೆ, ಕೊಳೆತು ಮಣ್ಣಾಗುತ್ತದೆ. ಘಟಪ್ರಭೆಯ ನೀರುಂಡು ದಣಿದ ನೆಲಕ್ಕೆ ಅದು ಬೇಕು. ಒಲೆಗೂ ರವದಿ ಅಷ್ಟು ಒಳ್ಳೆಯದಲ್ಲ. ಅದರಲ್ಲಿ ಬೂದಿ ಹೆಚ್ಚು, ಜೋರು ಉರಿಗೆ ಆ ಬೂದಿ ಕರಗಿ ಕಿಟ್ಟಗಟ್ಟುತ್ತದೆ, ಗಾಳಿಯ ತೂತು ಮುಚ್ಚುತ್ತದೆ. ಗೋವಿನಜೋಳದ ದಿಂಡು, ಹತ್ತಿಕಟಗಿ, ಶೇಂಗಾ ಸಿಪ್ಪೆ ಇದಕ್ಕಿಂತ ವಾಸಿ. ಇವುಗಳಿಗೆ ಸ್ವಲ್ಪ ರವದಿ ಬೆರೆಸಬಹುದು.

ಹಾಗಾದರೆ ಗುಳಿಗೆ ಎಲ್ಲಿಂದ? ನನ್ನ ಉತ್ತರ ನಮ್ಮ ಓಣಿಯ ಹಿಟ್ಟಿನ ಗಿರಣಿಯಲ್ಲಿದೆ. ಜೋಳದ ಹಿಟ್ಟನ್ನು ನಾವು ಪೇಟೆಯ ದರಕ್ಕೆ ಕೊಳ್ಳುವುದಿಲ್ಲ. ನಮ್ಮ ಜೋಳ ಒಯ್ಯುತ್ತೇವೆ, ಬೀಸಿದ ಕೂಲಿ ಕೊಡುತ್ತೇವೆ, ನಮ್ಮ ಹಿಟ್ಟು ತರುತ್ತೇವೆ. ಪೇಟೆಯಲ್ಲಿ ಜೋಳ ಎಷ್ಟೇ ಏರಲಿ, ಗಿರಣಿಯ ಕೂಲಿ ಅದರ ಬೆನ್ನು ಹತ್ತುವುದಿಲ್ಲ. ಗುಳಿಗೆಯನ್ನೂ ಹಾಗೇ ಒತ್ತಿಸಿಕೊಂಡು ಬರುವಂತಾಗಬೇಕು. ಒಂದು ಎಕರೆಗೆ 20 ಕ್ವಿಂಟಲ್ ಗೋವಿನಜೋಳ ಬಂದರೆ ಮೂರು ಕ್ವಿಂಟಲಿನಷ್ಟು ದಿಂಡು ಉಳಿಯುತ್ತದೆ. ದಿನಕ್ಕೆ 1.3 ಕಿಲೋದಂತೆ ಅದು ಏಳು ತಿಂಗಳ ಜಳಕ. ಬೇಸಿಗೆ ಬಿಟ್ಟರೆ ಚಳಿಗಾಲಕ್ಕೂ ಮಳೆಗಾಲಕ್ಕೂ ಹೆಚ್ಚುಕಡಿಮೆ ಸಾಕು.

ಇದಕ್ಕೆ ದೊಡ್ಡ ಕಾರ್ಖಾನೆ ಬೇಡ. ಪುಡಿ ಮಾಡುವ ಒಂದು ಯಂತ್ರ, 15-20 ಎಚ್‌ಪಿ ಮೋಟರಿನ ಒಂದು ಒತ್ತುಯಂತ್ರ, ಒಣಗಿಸಲು ಸಿಮೆಂಟಿನ ಕಣ, ಮಳೆ ತಾಗದ ಒಂದು ಗೋದಾಮು. ತೇವ ನೂರಕ್ಕೆ ಹತ್ತರ ಹತ್ತಿರ ಇರಬೇಕು, ಇಲ್ಲವಾದರೆ ಗುಳಿಗೆ ಉದುರಿ ಪುಡಿಯಾಗುತ್ತದೆ. ಇದೊಂದನ್ನು ಕಣ್ಣಿಟ್ಟು ನೋಡುವ ಮನುಷ್ಯ ಬೇಕು. ಕಣವೂ ಗೋದಾಮೂ ಊರಿನ ಪ್ರಾಥಮಿಕ ಕೃಷಿ ಪತ್ತಿನ ಸಹಕಾರಿ ಸಂಘಗಳಲ್ಲಿ ಎಷ್ಟೋ ಕಡೆ ಆಗಲೇ ಇವೆ. ಸಹಕಾರ ಈ ಸೀಮೆಗೆ ಹೊಸ ಮಾತೂ ಅಲ್ಲ. ರಾಜ್ಯದ ಉಳಿದೆಡೆ ಕರೆಂಟನ್ನು ಸರ್ಕಾರಿ ಕಂಪನಿಗಳು ಹಂಚಿದರೆ, ಹುಕ್ಕೇರಿಯಲ್ಲಿ 1969ರಿಂದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವೇ ಮನೆಮನೆಗೆ ತಂತಿ ಎಳೆದು ದೀಪ ಹಚ್ಚಿದೆ. ಆ ತಂತಿಯ ತುದಿಗೆ ಒಂದು ಗುಳಿಗೆ ಗಿರಣಿ ಕೂಡಿಸುವುದು ಅದಕ್ಕಿಂತ ಸಣ್ಣ ಕೆಲಸ.

ಅಲ್ಲಿಯವರೆಗೆ ಪೆಲೆಟ್ ಒಲೆ ಕೊಳ್ಳುವವರು ಒಲೆಯ ಅಂಗಡಿಗೆ ಹೋಗುವ ಮೊದಲು ಗುಳಿಗೆಯ ಅಂಗಡಿ ಹುಡುಕಲಿ. ಜುಲೈ ತಿಂಗಳ ಜಡಿಮಳೆಯಲ್ಲೂ ಅಂಗಡಿಯವನ ಹತ್ತಿರ ಒಣಗುಳಿಗೆ ಇರುತ್ತದೆಯೇ, ಹೋದ ವರ್ಷದ ದರಕ್ಕೂ ಈ ವರ್ಷದ ದರಕ್ಕೂ ಅಂತರವೆಷ್ಟು ಎಂದು ಕೇಳಲಿ. ಒಂದು ಹಿಡಿ ಗುಳಿಗೆ ತಂದು ನೀರಿಗೆ ಹಾಕಿ ನೋಡಲಿ, ಮುಳುಗಿದರೆ ಒತ್ತು ಬಿಗಿಯಾಗಿದೆ ಎಂದರ್ಥ. ಇನ್ನೊಂದು ಹಿಡಿಯನ್ನು ತಗಡಿನ ಮೇಲೆ ಪೂರ್ತಿ ಸುಟ್ಟು, ಉಳಿದ ಬೂದಿಯನ್ನು ಬೆರಳಿಂದ ಉಜ್ಜಲಿ. ಮೆತ್ತಗೆ ವಿಭೂತಿಯ ಹಾಗಿದ್ದರೆ ಕೊಳ್ಳಬಹುದು. ಗಾಜಿನ ಹರಳಿನಂತೆ ಗಟ್ಟಿ ಸಿಕ್ಕರೆ ಆ ಚೀಲವನ್ನು ಅಲ್ಲೇ ಬಿಟ್ಟು ಬರಬೇಕು.