ಸಜ್ಜು, ಹೂಟೆ, ಕಡಿವಾಣ: ಕಾಶಿಯ ನಿದರ್ಶನಗಳೊಡನೆ ಒಂದು ಶಬ್ದವಿಚಾರ

ಇಂಗ್ಲಿಷಿನ ‘ಹಾರ್ನೆಸ್’ ಎಂಬ ಶಬ್ದಕ್ಕೆ ಕನ್ನಡದಲ್ಲಿ ಸಮಾನಪದವಾವುದು? ಕುದುರೆಯ ಮಾತಾದರೆ ‘ಸಜ್ಜು’ ಎಂಬ ಉತ್ತರವು ಸುಲಭವಾಗಿ ದೊರೆಯುತ್ತದೆ. ಆದರೆ ನದಿಯ ಶಕ್ತಿಯನ್ನೋ ಜನತೆಯ ಉತ್ಸಾಹವನ್ನೋ ‘ಹಾರ್ನೆಸ್’ ಮಾಡುವ ಪ್ರಯೋಗವು ಎದುರಾದೊಡನೆ ಭಾಷಾಂತರಕಾರನ ಲೇಖನಿಯು ತಡವರಿಸುತ್ತದೆ. ಒಬ್ಬನು ‘ಬಳಸಿಕೊಳ್ಳು’ ಎಂದು ಬರೆದರೆ, ಮತ್ತೊಬ್ಬನು ‘ಕಡಿವಾಣ ಹಾಕು’ ಎಂದು ಬರೆಯುತ್ತಾನೆ. ಮೊದಲನೆಯದು ಸಪ್ಪೆ, ಎರಡನೆಯದು ತಪ್ಪು. ಸಂಸ್ಕೃತ, ಹಿಂದಿ, ಪಾರಸಿಗಳ ಮಾತುಗಳು ಒಂದೇ ಓಣಿಯಲ್ಲಿ ಸಂಧಿಸುವ ಕಾಶೀನಗರವು ಈ ಸಂದೇಹದ ಪರಿಹಾರಕ್ಕೆ ಉತ್ತಮ ಸಾಮಗ್ರಿಯನ್ನು ಒದಗಿಸುತ್ತದೆ.

‘ಹಾರ್ನೆಸ್’ ಶಬ್ದವು ಹಳೆಯ ಫ್ರೆಂಚ್ ಭಾಷೆಯಿಂದ ಬಂದುದು. ಅದರ ಪ್ರಾಚೀನಾರ್ಥ ಯುದ್ಧಸಾಮಗ್ರಿ, ಕವಚ. ಷೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ ನಾಟಕದಲ್ಲಿಯೂ ಅದು ಕವಚವೆಂಬ ಅರ್ಥದಲ್ಲಿಯೇ ಬಂದಿದೆ. ಕುದುರೆಯ ಬಾರುಪಟ್ಟಿಗಳೆಂಬ ಅರ್ಥವೂ, ಶಕ್ತಿಯನ್ನು ಕೆಲಸಕ್ಕೆ ತೊಡಗಿಸುವುದೆಂಬ ಲಾಕ್ಷಣಿಕಾರ್ಥವೂ ಇದೇ ಶಬ್ದದಲ್ಲಿ ಸೇರಿವೆ. ನಮ್ಮ ನುಡಿಯಲ್ಲಿಯೂ ಇಂತಹ ಅರ್ಥವಿಸ್ತಾರವು ಕಾಣಬರುತ್ತದೆ. ‘ಕಟ್ಟು’ ಎಂಬರ್ಥದ ‘ನಹ್’ ಧಾತುವಿನಿಂದ ಸಿದ್ಧವಾದ ‘ಸನ್ನದ್ಧ’ ಶಬ್ದಕ್ಕೆ ಕವಚ ಕಟ್ಟಿಕೊಂಡವನೆಂದು ಅರ್ಥ. ಇಂದು ಪರೀಕ್ಷೆಗೆ ಹೊರಟ ಬಾಲಕನೂ ಸನ್ನದ್ಧನೇ. ಕುದುರೆಯ ಕವಚಕ್ಕಾದರೋ ‘ಹಕ್ಕರಿಕೆ’ ಎಂಬ ಪ್ರತ್ಯೇಕ ಶಬ್ದವು ಹಳೆಯ ಕಾವ್ಯಗಳಲ್ಲಿ ಉಂಟು.

ಕಾಶಿಯ ಬೀದಿಗಳಲ್ಲಿ ಒಂದು ಕಾಲಕ್ಕೆ ಎಕ್ಕಾಗಾಡಿಗಳ ಸಂಚಾರವು ವಿಶೇಷವಾಗಿತ್ತು. ಒಂದೇ ಕುದುರೆಯ ಗಾಡಿಯಾದುದರಿಂದ ಅದಕ್ಕೆ ಆ ಹೆಸರು. ಅದರ ಕುದುರೆಗೆ ತೊಡಿಸುವ ಸಜ್ಜಿಗೆ ಅಲ್ಲಿಯವರು ‘ಸಾಜ್’ ಎನ್ನುವರು. ಪಾರಸಿಯ ಈ ಶಬ್ದಕ್ಕೆ ವಾದ್ಯವೆಂಬ ಅರ್ಥವೂ ಇರುವುದರಿಂದ, ಸಾರಂಗಿ, ತಬಲಗಳೂ ಆ ಸಂಗೀತನಗರದಲ್ಲಿ ಸಾಜ್‌ಗಳೇ. ಪ್ರಾಣಿಯನ್ನು ಗಾಡಿಗೆ ಕಟ್ಟುವುದು ‘ಜೋತನಾ’. ಹೊಲವನ್ನು ಉಳುವುದೂ ‘ಜೋತನಾ’. ಜಂಗಮವಾಡಿ ಮಠಕ್ಕೆ ಸಮೀಪದ ಮದನಪುರವು ನೇಕಾರರ ನೆಲೆ. ಹಾಸಿನ ಎಳೆಗಳನ್ನು ಎತ್ತುವ ಕುಣಿಕೆಗಳ ಚೌಕಟ್ಟಿಗೆ ಇಂಗ್ಲಿಷ್ ನೇಯ್ಗೆಶಾಸ್ತ್ರದಲ್ಲಿ ‘ಹಾರ್ನೆಸ್’ ಎಂದೇ ಹೆಸರು. ಬನಾರಸಿನ ಹಳೆಯ ಮಗ್ಗದಲ್ಲಿ ನಕ್ಷಬಂದನು ನೂಲಿನಲ್ಲಿಯೇ ಕಟ್ಟಿಕೊಟ್ಟ ಚಿತ್ರವಿನ್ಯಾಸವನ್ನು ಅನುಸರಿಸಿ ಮಗ್ಗದ ಮೇಲೆ ‘ಜಾಲಾ’ ತೂಗುತ್ತಿತ್ತು. ಸಹಾಯಕನು ಅದರ ಹುರಿಗಳನ್ನು ಎಳೆದಾಗ ಬೇಕಾದ ಎಳೆಗಳು ಮಾತ್ರ ಮೇಲೇಳುತ್ತಿದ್ದುವು. ಫ್ರಾನ್ಸಿನಲ್ಲಿ 1804ರಲ್ಲಿ ಸಿದ್ಧವಾದ ಜಕಾರ್ಡ್ ಯಂತ್ರವು ಇಪ್ಪತ್ತನೆಯ ಶತಮಾನದಲ್ಲಿ ಇಲ್ಲಿ ಬಳಕೆಗೆ ಬಂದು, ಈ ಎಳೆಯುವ ಕೆಲಸವನ್ನು ರಂಧ್ರವುಳ್ಳ ರಟ್ಟುಗಳಿಗೆ ವಹಿಸಿತು. ಗಾಡಿಯಾಗಲಿ ಮಗ್ಗವಾಗಲಿ, ತತ್ತ್ವ ಒಂದೇ: ಬಲವನ್ನು ಬೇಕಾದೆಡೆಗೆ ತಲಪಿಸುವ ಕಟ್ಟು.

ಸಂಸ್ಕೃತದಲ್ಲಿ ಈ ತತ್ತ್ವದ ಧಾತು ‘ಯುಜ್’. ನೊಗಕ್ಕೆ ‘ಯುಗ’ವೆಂದೂ, ಅದಕ್ಕೆ ಪ್ರಾಣಿಯನ್ನು ಬಿಗಿಯುವ ಹಗ್ಗಕ್ಕೆ ‘ಯೋಕ್ತ್ರ’ವೆಂದೂ ಹೆಸರು. ಉದ್ಯೋಗ, ಪ್ರಯೋಗ, ಯೋಜನೆಗಳೆಲ್ಲವೂ ಇದರ ಸಂತತಿಯೇ. ಆದರೆ ಪಾಣಿನೀಯ ಧಾತುಪಾಠವು ಕೂಡಿಸುವುದೆಂಬ ಅರ್ಥದ ‘ಯುಜ್’ ಒಂದನ್ನೂ, ಸಮಾಧಿಯೆಂಬ ಅರ್ಥದ ‘ಯುಜ್’ ಇನ್ನೊಂದನ್ನೂ ಬೇರೆಬೇರೆಯಾಗಿ ಪಠಿಸುತ್ತದೆ. ಯೋಗಸೂತ್ರದ ವ್ಯಾಸಭಾಷ್ಯವು ಯೋಗವನ್ನು ಸಮಾಧಿಯೆಂದೇ ವಿವರಿಸುತ್ತದೆ. ಆದುದರಿಂದ ಪತಂಜಲಿಯ ಯೋಗವನ್ನು ‘ನೊಗ’ದ ಅರ್ಥದಿಂದಲೇ ವ್ಯಾಖ್ಯಾನಿಸುವವರು, ಪತಂಜಲಿಯ ಸ್ಥಾನವೆಂದು ಪ್ರತೀತಿಯುಳ್ಳ ಕಾಶಿಯ ನಾಗಕೂಪದ ಬಳಿ ನಾಗಪಂಚಮಿಯಂದು ನಡೆಯುವ ಶಾಸ್ತ್ರಾರ್ಥದಲ್ಲಿ ಆಕ್ಷೇಪವನ್ನು ಎದುರಿಸಲು ಸಿದ್ಧರಿರಬೇಕು.

ಕನ್ನಡಕ್ಕೆ ಬಂದರೆ, ‘ಹೂಡು’ ಎಂಬ ಧಾತು ದೊರೆಯುತ್ತದೆ. ಇದು ಹಳಗನ್ನಡದ ‘ಪೂಡು’; ತಮಿಳಿನ ‘ಪೂಟ್ಟು’ ಇದರ ಜ್ಞಾತಿ. ಎತ್ತು ಹೂಡುವುದರಿಂದ ‘ಹೂಟೆ’ ಎಂಬ ಶಬ್ದ ಹುಟ್ಟಿ, ಹಿಂದಿಯ ‘ಜೋತ’ದಂತೆ ಉಳುಮೆಯನ್ನೂ ಸೂಚಿಸಿತು. ಬಿಲ್ಲಿಗೆ ಬಾಣ ಹೂಡುವುದು, ಒಲೆ ಹೂಡುವುದು, ಬಿಡಾರ ಹೂಡುವುದು, ಸಂಸಾರ ಹೂಡುವುದು, ದಾವೆ ಹೂಡುವುದು, ಬಂಡವಾಳ ಹೂಡುವುದು: ಇವೆಲ್ಲದರಲ್ಲಿಯೂ ಸಮಾನವಾದುದು, ಸುಮ್ಮನಿದ್ದುದನ್ನು ಒಂದು ಕಾರ್ಯಕ್ಕೆ ನೆಲೆಗೊಳಿಸಿ ಆರಂಭಿಸುವ ಭಾವ. ಪೆಟ್ಟಿಗೆಯಲ್ಲಿರುವ ಹಣ ಕೇವಲ ಹಣ. ಹೂಡಿದ ಹಣ ನೊಗಕ್ಕೆ ಹೆಗಲು ಕೊಟ್ಟ ಎತ್ತು.

‘ಕಡಿವಾಣ’ದ ಸ್ವಭಾವವು ಇದಕ್ಕಿಂತ ಭಿನ್ನವಾದುದು. ಅದು ಬಾಯಿಗೆ ಹಾಕುವಂಥದು. ಅದರ ಧರ್ಮ ತಡೆ. ವೆಚ್ಚಕ್ಕೆ ಕಡಿವಾಣ ಹಾಕುವವನು ಅದನ್ನು ತಗ್ಗಿಸುತ್ತಾನೆಯೇ ಹೊರತು ದುಡಿಸಿಕೊಳ್ಳುವುದಿಲ್ಲ. ಕಠೋಪನಿಷತ್ತಿನ ರಥರೂಪಕದಲ್ಲಿ ಇಂದ್ರಿಯಗಳು ಕುದುರೆಗಳು, ಮನಸ್ಸು ಹಗ್ಗ, ಬುದ್ಧಿ ಸಾರಥಿ. ಅಲ್ಲಿ ಹಿಡಿತವು ಅಗತ್ಯವೇ. ಆದರೆ ಕುದುರೆಗಳನ್ನು ರಥಕ್ಕೆ ಹೂಡದೆ ಹಿಡಿತವೊಂದರಿಂದಲೇ ಪಯಣವು ಸಾಗಲಾರದು.

ಆದುದರಿಂದ ಈ ಎರಡು ಮಾತುಗಳನ್ನು ಬೆರೆಸಿದರೆ ಹಾನಿ ಕೇವಲ ಶಬ್ದದ್ದಲ್ಲ, ವಿಚಾರದ್ದು. ಗಂಗೆಯ ನೆರೆಯನ್ನು ತಡೆಯುವ ಒಡ್ಡು ಕಡಿವಾಣ. ಕಾವೇರಿಯ ಧುಮುಕಿನಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತನ್ನು ಒದಗಿಸಿದ ಶಿವನಸಮುದ್ರದ ಕಾರ್ಯ ಹೂಟೆ. ತರುಣರ ಉತ್ಸಾಹವನ್ನು ‘ಹಾರ್ನೆಸ್’ ಮಾಡಬೇಕೆಂಬ ಕರೆಯನ್ನು ‘ಕಡಿವಾಣ’ವೆಂದು ಅನುವಾದಿಸಿದರೆ ಕರೆಯು ಬೆದರಿಕೆಯಾಗಿ ಪರಿಣಮಿಸುತ್ತದೆ. ತೌರುನಾಡಿನಿಂದ ದೂರ ನೆಲಸಿ, ಹಿಂದಿ, ಇಂಗ್ಲಿಷುಗಳ ನಡುವೆ ದಿನ ಕಳೆಯುವ ಕನ್ನಡಿಗರಲ್ಲಿ ಇಂತಹ ಸೂಕ್ಷ್ಮಗಳೇ ಮೊದಲು ಮಸುಕಾಗುತ್ತವೆ. ಶಕ್ತಿಯನ್ನು ಕಾರ್ಯಕ್ಕೆ ಹೂಡುವುದೆಂಬ ಪ್ರಯೋಗವು ಆರಂಭದಲ್ಲಿ ಕಿವಿಗೆ ಹೊಸದೆನಿಸಬಹುದು. ಆದರೆ ಬಂಡವಾಳವನ್ನು ಹೂಡಲು ಕಲಿತ ಭಾಷೆಗೆ ನದಿಯ ಬಲವನ್ನು ಹೂಡುವುದು ಅಸಾಧ್ಯವೇನಲ್ಲ.