ಹುಳಿಯತ್ತ ಸರಿಯುತ್ತಿರುವ ಕಡಲು

ದೊಡ್ಡಬಳ್ಳಾಪುರದಿಂದ ನೇರವಾಗಿ ಅಳೆದರೆ ಪಡುವಣ ಕಡಲೂ ಮೂಡಣ ಕಡಲೂ ಸುಮಾರು 300 ಕಿಲೋಮೀಟರುಗಳಷ್ಟು ದೂರದಲ್ಲಿವೆ. ಆದರೂ ನೆಲಮಂಗಲದ ಹೆದ್ದಾರಿಯಲ್ಲಿ ಓಡುವ ಲಾರಿಯ ಹೊಗೆಗೂ ಕಡಲಿನ ಚಿಪ್ಪುಜೀವಿಗೂ ಸಂಬಂಧವುಂಟು. ಅದು ಎಂತಹುದೆಂಬುದನ್ನು ವಿಚಾರಮಾಡೋಣ.

ಕಲ್ಲಿದ್ದಲು, ಪೆಟ್ರೋಲು, ಡೀಸೆಲುಗಳು ಉರಿದಾಗ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ. ಗಾಳಿಗೆ ಜಿಲ್ಲೆಯ ಗಡಿಯಿಲ್ಲ; ಎಲ್ಲಿ ಹುಟ್ಟಿದರೂ ಈ ಅನಿಲ ಲೋಕದ ವಾಯುವಿನಲ್ಲೆಲ್ಲ ಬೆರೆಯುತ್ತದೆ. ಕೈಗಾರಿಕಾ ಯುಗಕ್ಕೆ ಮೊದಲು ವಾಯುವಿನ 10 ಲಕ್ಷ ಭಾಗಗಳಲ್ಲಿ ಇದು ಸುಮಾರು 280 ಭಾಗವಿತ್ತು. ಈಗ 420ನ್ನು ಮೀರಿದೆ. ನಾವು ಹೊರಬಿಡುವ ಈ ಅನಿಲದ ಸುಮಾರು ಕಾಲುಭಾಗವನ್ನು ಸಾಗರಗಳು ಹೀರಿಕೊಳ್ಳುತ್ತವೆ. ಇದರಿಂದ ಭೂಮಿಯ ಬಿಸಿ ಅಷ್ಟರಮಟ್ಟಿಗೆ ತಗ್ಗುವುದು ನಿಜ. ಆದರೆ ಭಾರವೆಲ್ಲ ಕಡಲಿನ ಮೇಲೆ ಬೀಳುತ್ತದೆ.

ನೀರಿನಲ್ಲಿ ಕರಗಿದ ಈ ಅನಿಲ ಕಾರ್ಬಾನಿಕ್ ಆಮ್ಲವಾಗುತ್ತದೆ. ಸೋಡಾದ ನಸುಹುಳಿ ಇದರದೇ. ಆಮ್ಲವು ಜಲಜನಕದ ಅಯಾನುಗಳನ್ನು ಬಿಡುತ್ತದೆ. ಅವುಗಳ ಅಳತೆಯೇ ಪಿಎಚ್. ಶುದ್ಧ ನೀರಿನ ಪಿಎಚ್ 7. ಅದಕ್ಕಿಂತ ಕೆಳಗಿನದು ಆಮ್ಲ, ಮೇಲಿನದು ಪ್ರತ್ಯಾಮ್ಲ. ಕಡಲಿನ ಮೇಲ್ಪದರದ ಪಿಎಚ್ ಸುಮಾರು 8.2ರಿಂದ 8.1ಕ್ಕೆ ಇಳಿದಿದೆ. ಇದೇನು ಮಹಾ ಎನ್ನಬಾರದು. ಒಂದು ಅಂಕ ಇಳಿದರೆ ಜಲಜನಕದ ಅಯಾನುಗಳು ಹತ್ತುಮಡಿಯಾಗುತ್ತವೆ. ಆದುದರಿಂದ ಇಷ್ಟು ಇಳಿತಕ್ಕೇ ಅವು ಕಾಲುಭಾಗಕ್ಕಿಂತ ಹೆಚ್ಚಿವೆ. ಕಡಲು ಇನ್ನೂ ಹುಳಿಯಾಗಿಲ್ಲ, ಹುಳಿಯತ್ತ ಸರಿಯುತ್ತಿದೆ. ಇದನ್ನೇ ಸಾಗರದ ಆಮ್ಲೀಕರಣವೆಂದು ಕರೆಯುತ್ತಾರೆ.

ಶಾಲೆಯ ಪ್ರಯೋಗಶಾಲೆಯಲ್ಲಿ ಸುಣ್ಣದ ತಿಳಿಯೊಳಕ್ಕೆ ಈ ಅನಿಲವನ್ನು ಹಾಯಿಸಿದಾಗ ಅದು ಹಾಲಿನಂತೆ ಬೆಳ್ಳಗಾಗುವುದನ್ನು ವಿದ್ಯಾರ್ಥಿಗಳು ಕಂಡಿರುತ್ತಾರೆ. ಆ ಬಿಳುಪು ಕ್ಯಾಲ್ಸಿಯಂ ಕಾರ್ಬೊನೇಟ್. ಚಿಪ್ಪು, ಹವಳಗಳ ದ್ರವ್ಯವೂ ಅದೇ. ಅನಿಲವನ್ನು ಹಾಯಿಸುತ್ತಲೇ ಹೋದರೆ ಬಿಳುಪು ಮಾಯವಾಗಿ ನೀರು ಮತ್ತೆ ತಿಳಿಯಾಗುತ್ತದೆ. ಕಾರ್ಬೊನೇಟ್ ಬೈಕಾರ್ಬೊನೇಟ್ ಆಗಿ ಕರಗಿತೆಂದು ಇದರ ಅರ್ಥ. ಕಡಲಿನಲ್ಲಿಯೂ ಹೆಚ್ಚಿದ ಅನಿಲವು ಕಾರ್ಬೊನೇಟ್ ಅಯಾನುಗಳನ್ನು ಹೀಗೆಯೇ ಮಾರ್ಪಡಿಸುತ್ತದೆ. ಚಿಪ್ಪುಗಳು ಒಡನೆಯೇ ಕರಗಿಹೋಗುವುದಿಲ್ಲ. ಆದರೆ ಅವನ್ನು ಕಟ್ಟುವ ಸಾಮಗ್ರಿ ವಿರಳವಾಗುತ್ತದೆ. ಗೋಡೆ ಕಟ್ಟುವುದರಲ್ಲೇ ಶಕ್ತಿ ಸವೆದರೆ ಜೀವಿಯ ಬೆಳವಣಿಗೆಗೆ ಉಳಿಯುವುದು ಕಡಿಮೆ.

ಮೊದಲು ಸೋಲುವುವು ಎಳೆಯ ಮರಿಗಳು. ಅಮೆರಿಕದ ಓರೆಗಾನ್ ತೀರದ ಸಿಂಪಿಮರಿಗಳ ಸಾಕಣೆ ಕೇಂದ್ರವೊಂದರಲ್ಲಿ 2007ರ ಸುಮಾರಿಗೆ ಮರಿಗಳು ರಾಶಿರಾಶಿಯಾಗಿ ಸತ್ತವು. ಆಳದಿಂದ ಮೇಲೆದ್ದು ಬಂದ ಆಮ್ಲೀಯ ನೀರೇ ಇದಕ್ಕೆ ಕಾರಣವೆಂದು ಅನಂತರ ತಿಳಿಯಿತು. ನಮ್ಮ ಕುಮಟಾ ಬಳಿಯ ಅಘನಾಶಿನಿ ಅಳಿವೆಯಲ್ಲಿ ಬಳಚು ಹೆಕ್ಕಿ ಬಾಳುವ ಕುಟುಂಬಗಳು ಎಷ್ಟೋ ಇವೆ. ಮುರುಡೇಶ್ವರದಾಚೆಯ ನೇತ್ರಾಣಿ ದ್ವೀಪದ ಸುತ್ತ ಹವಳಗಳಿವೆ. ಇವೆಲ್ಲವೂ ಇದೇ ಸುಣ್ಣವನ್ನು ನಂಬಿದ ಬಾಳುಗಳು.

ಪ್ರಕೃತಿಯಲ್ಲಿ ಇದಕ್ಕೆ ಮದ್ದಿಲ್ಲವೆ? ಇದೆ, ಅದೂ ನಮ್ಮ ಹತ್ತಿರದಲ್ಲೇ. ನಂದಿಬೆಟ್ಟದ ಮೇಲೆ ಸುರಿಯುವ ಮಳೆಯಲ್ಲಿಯೂ ಕಾರ್ಬಾನಿಕ್ ಆಮ್ಲವಿದ್ದು, ಅದು ಬಂಡೆಯನ್ನು ಮೆಲ್ಲನೆ ಸವೆಸುತ್ತದೆ. ಆ ಸವಕಳಿಯಿಂದ ಹುಟ್ಟಿದ ಲವಣಗಳು ಅರ್ಕಾವತಿಯಿಂದ ಕಾವೇರಿಗೆ, ಕಾವೇರಿಯಿಂದ ಕಡಲಿಗೆ ಸೇರಿ ಹುಳಿಯನ್ನು ತಗ್ಗಿಸಬಲ್ಲುವು. ಆದರೆ ಈ ಕೆಲಸಕ್ಕೆ ಸಾವಿರಾರು ವರ್ಷಗಳು ಬೇಕು. ನಾವು ಹೊಗೆಯನ್ನು ಸುರಿಯುತ್ತಿರುವುದೋ ಎರಡು ಮೂರು ಶತಮಾನಗಳಲ್ಲಿ. ಬಂಡೆಯ ವೇಗವನ್ನು ಹೆಚ್ಚಿಸುವುದು ಸುಲಭವಲ್ಲ. ಉರಿಸುವ ವೇಗವನ್ನು ತಗ್ಗಿಸುವುದು ನಮ್ಮ ಕೈಯಲ್ಲೇ ಇದೆ.