ಹೆಸರು ಕಟ್ಟುಮರ, ರೂಪ ಜೋಡಿದೋಣಿ

ಹವಾಯಿಯ ಕಡಲತೀರಕ್ಕೆ ರಜೆ ಕಳೆಯಲು ಹೋದವರು ತಮ್ಮ ಮನೆಮಂದಿಗಷ್ಟೇ ಒಂದು ಹಾಯಿದೋಣಿಯನ್ನು ಗೊತ್ತುಮಾಡಿಕೊಂಡು ಹವಳದ ದಿಬ್ಬ ನೋಡಲು ಹೊರಡುವುದುಂಟು. ಆ ದೋಣಿ ಹೆಚ್ಚಾಗಿ 'ಕ್ಯಾಟಮರಾನ್'. ಪದ ಮಾತ್ರ ಅಲ್ಲಿಯದಲ್ಲ, ತಮಿಳಿನ 'ಕಟ್ಟುಮರಂ'. ಕಟ್ಟು, ಮರ ಎರಡನ್ನೂ ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಕೋರಮಂಡಲ ಕರಾವಳಿಯ ಬೆಸ್ತರ ಕಟ್ಟುಮರವೆಂದರೆ ದಿಮ್ಮಿಗಳನ್ನು ಹಗ್ಗದಿಂದ ಬಿಗಿದ ತೆಪ್ಪ. ಎರಡು ಒಡಲುಗಳನ್ನು ಅಡ್ಡತೊಲೆಗಳಿಂದ ಜೋಡಿಸುವ ವಿದ್ಯೆ ಪಾಲಿನೇಷ್ಯದವರದು. ಅವರು ಹವಾಯಿಯನ್ನು ಮುಟ್ಟಿದ್ದೇ ಅಂಥ ಜೋಡಿದೋಣಿಗಳಲ್ಲಿ. ನಮ್ಮ ತೆಪ್ಪದ ಹೆಸರನ್ನು ಅದಕ್ಕೆ ಅಂಟಿಸಿದ್ದು ಇಂಗ್ಲಿಷು. 1947ರಲ್ಲಿ ವುಡಿ ಬ್ರೌನ್ ಮತ್ತು ಸಂಗಡಿಗರು ಹವಾಯಿಯಲ್ಲಿ ಕಟ್ಟಿದ 'ಮನು ಕೈ' (ಕಡಲಹಕ್ಕಿ) ಇಂದಿನ ವಿಹಾರದ ಕ್ಯಾಟಮರಾನ್‌ಗಳಿಗೆ ಹಿರಿಯಕ್ಕನಿದ್ದಂತೆ.

ಈ ದೋಣಿ ಹೊರಳಾಡುವುದು ಕಡಿಮೆ, ನೀರಿನಲ್ಲಿ ಆಳಕ್ಕೆ ಇಳಿಯುವುದೂ ಕಡಿಮೆ. ಹಾಗಾಗಿ ದಿಬ್ಬದ ತೀರ ಹತ್ತಿರಕ್ಕೆ ಹೋಗಬಲ್ಲದು. ಅಲ್ಲಿಂದ ಕಣ್ಣಿಗೆ ಗಾಜಿನ ಮುಖವಾಡ ತೊಟ್ಟು, ಉಸಿರುಕೊಳವೆ ಕಚ್ಚಿ, ನೀರಿನ ಮೇಲೆ ಕವುಚಿ ತೇಲುತ್ತ ಮೀನು ನೋಡುವುದೇ ಸ್ನಾರ್ಕ್ಲಿಂಗ್.

ಆಪತ್ತೂ ಈ ಹತ್ತಿರದಲ್ಲೇ ಇದೆ. ಹವಳ ಕಲ್ಲಲ್ಲ, ಜೀವಿ. ಲಂಗರು ಬಿದ್ದರೆ, ಕಾಲೂರಿದರೆ ಮುರಿಯುತ್ತದೆ. ಮತ್ತೆ ಬೆಳೆಯಲು ವರ್ಷಗಳೇ ಬೇಕು. ಬಿಸಿಲಿಗೆಂದು ಮೈಗೆ ಬಳಿದ ಲೇಪವೂ ನೀರಿಗಿಳಿಯುತ್ತದೆ. ಆಕ್ಸಿಬೆನ್ಜೋನ್, ಆಕ್ಟಿನಾಕ್ಸೇಟ್ ಬೆರೆತ ಲೇಪಗಳನ್ನು ಹವಾಯಿಯಲ್ಲಿ 2021ರ ಜನವರಿ 1ರಿಂದ ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ಲಂಗರಿನ ಬದಲು ದೋಣಿ ಕಟ್ಟಿ ನಿಲ್ಲಿಸಲು ಹಲವೆಡೆ ತೇಲುವ ಗುಂಡುಗಳನ್ನೂ ಹಾಕಿದ್ದಾರೆ. ಬಾಡಿಗೆ ಕುದುರಿಸುವಾಗಲೇ ದೋಣಿಯವನನ್ನು ಕೇಳಿಕೊಳ್ಳಿ: ಅವನು ಕಟ್ಟುವುದು ಅದಕ್ಕೋ, ಲಂಗರು ಎಸೆಯುತ್ತಾನೋ?